ಹಿಗಾನ ಕೊನೆಯ ಪಂದ್ಯ

ಪೆರುವಿನ ರಾಜಧಾನಿ, ಮಂಜು ಮುಸುಕಿದ ಲಿಮಾದ ಬಸ್ಸಿನಲ್ಲಿ ಮೀನು ಮಾರುವ ರೊಸೌರಾ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಪೆರುವಿನಲ್ಲೇ ಹುಟ್ಟಿದ ಜಪಾನಿ ಮೂಲದ ಫುಟ್‌ಬಾಲ್ ಆಟಗಾರ ನೆಸ್ಟರ್ ಹಿಗಾ ಮತ್ತು ಅವನಜ್ಜಿ ಮಾತಾಡುತ್ತಿದ್ದುದು ಕನಸಿನೊಳಗಿನಿಂದ ಬಂದಂತೆ ಕೇಳಿಸಿತು.

“ಮಂಡಿ ನೋಯ್ತಿದೆಯೇನೋ?”

“ಇವತ್ತೊಂದಿನ ತಡೆಯುತ್ತೆ ಅಜ್ಜಿ. ನಾಳೆಯಿಂದ ಆಟ ಇಲ್ಲ.”

“ಜಪಾನಿನಲ್ಲಿ ಆರು ವರ್ಷ ಆಡಿದ್ಯಲ್ಲ, ಅಲ್ಲಿ ನಿನ್ನ ಏನಂತ ಕೂಗ್ತಿದ್ರು?”

“ಪೆರುವಿನವನು ಅಂತ.”

“ಇಲ್ಲಿ?”

“ಚೀನಾದವನು ಅಂತ.”

ಅಜ್ಜಿ ಮೆಲ್ಲಗೆ ನಕ್ಕಳು. “ಎರಡೂ ಕಡೆ ಹೊರಗಿನವನೇ ಆದೆ ನೋಡು.”

“ಚೆಂಡು ತಗೊಂಡು ಗೆರೆಯಂಚಿನಲ್ಲಿ ಓಡೋವಾಗ ಯಾರೂ ಏನೂ ಅನ್ನಲ್ಲ ಅಜ್ಜಿ. ಎಲ್ಲಿ ಆಡಿದ್ರೂ ನೋಡೋ ಜನರದ್ದು ಒಂದೇ ಸದ್ದು, ಸಮುದ್ರದ ಥರ.”

“ಆ ಸದ್ದು ನಿಂತ್ಮೇಲೆ ಏನ್ಮಾಡ್ತೀಯ?”

“ಗೊತ್ತಿಲ್ಲ.”

“ಹಾಗಾದ್ರೆ ಇವತ್ತು ಚೆಂಡು ಬೇಗ ಬಿಟ್ಕೊಡಬೇಡ.”

ಕ್ರೀಡಾಂಗಣದ ನಿಲ್ದಾಣ ಬಂತು. ಅಜ್ಜಿ ಮೊದಲು ಇಳಿದು ಮೊಮ್ಮಗನಿಗೆ ಕೈಚಾಚಿದಳು. ಅವನು ಆ ಕೈ ಹಿಡಿದು, ನೋಯುವ ಕಾಲನ್ನು ಮೆಲ್ಲಗೆ ನೆಲಕ್ಕೂರಿದ.