ಗುಳಿ ಬಿದ್ದ ಪಿಟೀಲು

ಇದು ಕಟ್ಟುಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗ ಶಿವಶಂಕರನಿಗೇ ಆಗಿದ್ದು, ಹೋದ ವರ್ಷ. ಬೇಕಾದರೆ ಲೈಟ್ ಹಾಕಿಕೊಳ್ಳಿ, ನಡುವೆ ಮಾತ್ರ ಎದ್ದು ಹೋಗಬೇಡಿ.

ರಾತ್ರಿ ಒಂಬತ್ತೂವರೆ. ಕೊನೆ ಆಟೋ ಅವನನ್ನು ಹೊನ್ನೂರಿನ ರಸ್ತೆಯಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಕಬ್ಬಿನ ಗದ್ದೆ ನಡುವೆ ಕಾಲುದಾರಿ, ದಾರಿಯಲ್ಲಿ ಹಾಳುಬಾವಿ. ಹೆಗಲಲ್ಲಿ ರಂಗರಾಜು ಮೇಷ್ಟರ ಪಿಟೀಲು ಪೆಟ್ಟಿಗೆ.

ಮೇಷ್ಟರು ಸತ್ತು ಏಳು ದಿನವಾಗಿತ್ತು. ಕಡೆಗಾಲದಲ್ಲಿ ಕಣ್ಣು ಪೂರ್ತಿ ಹೋಗಿತ್ತು, ಆದರೂ ನುಡಿಸುತ್ತಿದ್ದರು. ಪಿಟೀಲಿಗೆ ವೀಣೆಯ ಹಾಗೆ ಸ್ವರಕ್ಕೊಂದು ಮೆಟ್ಟು ಇಲ್ಲವಲ್ಲ... ನಲವತ್ತು ವರ್ಷ ಬೆರಳೊತ್ತಿ ಒತ್ತಿ, ತಂತಿ ಕೆಳಗಿನ ಕರೀ ಹಲಗೆಯಲ್ಲಿ ಗುಳಿ ಬಿದ್ದಿತ್ತು. ಆ ಗುಳಿಗಳನ್ನೇ ತಮ್ಮ ಸಣಕಲು ಬೆರಳಲ್ಲಿ ತಡಕಿ ಸ್ವರ ಹಿಡಿಯುತ್ತಿದ್ದರು.

ಮೇಷ್ಟರ ಮೊಮ್ಮಗಳು ಸಿಂಧುಗೆ ಸೋಮವಾರ ಸಂಗೀತ ಪರೀಕ್ಷೆ. ಗುಳಿಯಿಂದ ತಂತಿ ಜುಂಯ್ ಅನ್ನುತ್ತೆ, ಹಲಗೆ ಸಮ ಮಾಡಿಕೊಡಿ ಅಂತ ಶಿವಶಂಕರನಿಗೆ ತಂದುಕೊಟ್ಟಳು. ಮೇಷ್ಟರ ಹೆಂಡತಿ ಲಕ್ಷ್ಮಿದೇವಮ್ಮ ಬೇಡ ಅಂದಿದ್ದರು.

"ಅನ್ನೊಂದು ದಿನ ಕಳೀಲಿ ಕಣಪ್ಪಾ. ಅವ್ರಿನ್ನೂ ಇಲ್ಲೇ ಅವ್ರೆ."

ನಮ್ಮವನು ಯಾರ ಮಾತು ಕೇಳಿದ್ದಾನೆ? ಕೊಳ್ಳೇಗಾಲದ ತನ್ನ ಮರಗೆಲಸದ ಅಂಗಡಿಯಲ್ಲಿ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಉಜ್ಜುಗೊರಡು ಹಿಡಿದು ಹಲಗೆಯನ್ನು ನುಣ್ಣಗೆ ಮಾಡಿದ. ತಂತಿ ಮನೆಯಲ್ಲಿ ಕಟ್ಟೋಣ ಅಂತ ಹೊರಟುಬಂದ.

ಬಾವಿ ಹತ್ತಿರ ಬಂದ. ಪೆಟ್ಟಿಗೆಯೊಳಗೆ... ಸರ್... ಸರ್... ಟಕ್. ತಂತಿಯ ಮೇಲೆ ಬೆರಳು ಜಾರಿ, ಒತ್ತಿ ನಿಲ್ಲುವ ಸದ್ದು. ನಿಂತ. ಜೇಬು ಮುಟ್ಟಿ ನೋಡಿಕೊಂಡ. ನಾಲ್ಕೂ ತಂತಿ ಜೇಬಿನಲ್ಲೇ ಇದ್ದವು.

ಸರ್... ಸರ್... ಟಕ್.

ಕಾಲು ಎತ್ತಿಡಲು ಆಗಲಿಲ್ಲ. ಕಿವಿ ಪಕ್ಕದಲ್ಲೇ ಪಿಸುದನಿ.

"ನನ್ ಜಾಗ ಸಿಕ್ತಾ ಇಲ್ವಲ್ಲೋ ಶಿವೂ..."

"ತಪ್ಪಾಯ್ತು, ಬುಟ್ಬುಡಿ ಮೇಷ್ಟ್ರೇ," ಅಂದ. ಅಳುತ್ತಿದ್ದನಂತೆ.

ಎಡಗೈ ಮಣಿಕಟ್ಟಿನ ಮೇಲೆ ತಣ್ಣಗೆ ಒಂದು ಬೆರಳು ಕೂತಿತು. ಮೊಣಕೈ ಕಡೆ ಜಾರಿತು... ನಿಂತಿತು. ಒತ್ತಿತು. ಮತ್ತೆ ಜಾರಿತು... ಹುಡುಕುತ್ತಾ ಇತ್ತು. ಒಂಚೂರೂ ನೋವಾಗಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು ಅನ್ನುತ್ತಾನೆ. ಆಮೇಲೆ ಕೈ ಬಿಟ್ಟಿತು. ಹೇಗೆ ಓಡಿ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ.

ಸಿಂಧು ಅದೇ ಪಿಟೀಲಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದಳು. ಹಲಗೆ ಇವತ್ತಿಗೂ ನುಣ್ಣಗೇ ಇದೆ. ಶಿವಶಂಕರ ಮಾತ್ರ ಅಂದಿನಿಂದ ತುಂಬುತೋಳಿನ ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲ. ಎಡ ಮುಂಗೈಯಲ್ಲಿ ಸಾಲಾಗಿ ನಾಲ್ಕು ಗುಳಿ. ಡಾಕ್ಟರು ಮುಲಾಮು ಕೊಟ್ಟರು, ತುಂಬಲಿಲ್ಲ. ಲಕ್ಷ್ಮಿದೇವಮ್ಮ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು.

ನಂಬದಿದ್ದರೆ ಬಿಡಿ. ನಾನೇ ಬೆರಳಿಟ್ಟು ನೋಡಿದ್ದೇನೆ. ನನ್ನ ಬೆರಳು ದಪ್ಪ, ಅದರಲ್ಲಿ ಕೂರಲಿಲ್ಲ.