ತೂಕದಣ್ಣ ಹಾಕಿದ ರೇಲಿಂಗ್

ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ತೂಕದಣ್ಣನ ಹೆಂಡತಿ, ನಮ್ಮೆಲ್ಲರ ಅಕ್ಕನಿಗೆ, ಅವರ ಮಗಳಿಗೆ, ಅಳಿಯನಿಗೆ — ನಮಸ್ಕಾರ ಅನ್ನುವುದಕ್ಕೂ ನಾಲಿಗೆ ಏಳುತ್ತಿಲ್ಲ. ನಮ್ಮ ಕಂಪನಿಯ ಯಜಮಾನರಿಗೆ, ಡಿಸೈನರ್‌ಗಳಿಗೆ, ಕೆಲಸ ಬಿಟ್ಟು ಬಂದಿರುವ ಬಡಗಿಗಳಿಗೆ, ಬಣ್ಣದವರಿಗೆ, ವೈರಿಂಗಿನವರಿಗೆ ನನ್ನ ವಂದನೆ. ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಾನು ಈ ಕಂಪನಿಯ ಸೈಟ್ ಸೂಪರ್‌ವೈಸರ್. ಹತ್ತೊಂಬತ್ತು ವರ್ಷ ತೂಕದಣ್ಣನ ಜೊತೆ ಕೆಲಸ ಮಾಡಿದವನು.

ಯಜಮಾನರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಏನು ಮಾತಾಡಬೇಕು ಅಂತ ಟೈಪ್ ಮಾಡಿಸಿದ ಹಾಳೆಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ‘ಸೌಂದರ್ಯಪ್ರಜ್ಞೆ’ ಅನ್ನುವ ಮಾತು ನಾಲ್ಕು ಸಲ ಬಂದಿದೆ, ‘ಬಡಗಿ’ ಅನ್ನುವ ಮಾತು ಒಂದು ಸಲವೂ ಇಲ್ಲ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದೇನೆ. ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಈ ಫೋಟೋ ನೋಡಿ — ಇಲ್ಲಿ, ನನ್ನ ಪಕ್ಕದಲ್ಲಿ ಇಟ್ಟಿರುವುದು. ಅಕ್ಕ ಕೊಟ್ಟಿದ್ದು ಬಣ್ಣದ ಫೋಟೋ. ಮಗಳ ಮದುವೆಯಲ್ಲಿ ತೆಗೆದದ್ದು, ಕಿತ್ತಳೆ ಬಣ್ಣದ ಅಂಗಿ, ಬಾಯಿ ತುಂಬಾ ನಗು. ಅದನ್ನು ಕಪ್ಪು ಬಿಳುಪು ಮಾಡಿಸಿ ಇಟ್ಟಿದ್ದಾರೆ. ಯಾಕೆ ಅಂತ ಬೆಳಿಗ್ಗೆ ಕೇಳಿದೆ. ಕಿತ್ತಳೆ ಈ ಗೋಡೆಗೆ ಹೊಂದುವುದಿಲ್ಲವಂತೆ. ಸತ್ತ ಮನುಷ್ಯನೂ ಗೋಡೆಗೆ ಹೊಂದಬೇಕು.

ನಾವು ಕೂತಿರುವುದು ಗಿರಾಕಿಗಳಿಗೆ ತೋರಿಸಲು ಕಂಪನಿ ಕಟ್ಟಿದ ಮಾದರಿ ಮನೆ. ಸುತ್ತ ಒಮ್ಮೆ ಕಣ್ಣಾಡಿಸಿ. ಆ ಕಪಾಟಿನಲ್ಲಿ ಪುಸ್ತಕಗಳಿವೆಯಲ್ಲ — ಒಂದನ್ನು ಎಳೆದು ನೋಡಿ, ಬರುವುದಿಲ್ಲ. ಪುಸ್ತಕದ ಬೆನ್ನು ಮಾತ್ರ ಕತ್ತರಿಸಿ ಹಲಗೆಗೆ ಅಂಟಿಸಿದ್ದೇವೆ. ಕತ್ತರಿಸಿದವನು ನಾನೇ. ಆ ಮೂಲೆಯ ಬಳ್ಳಿ ಪ್ಲಾಸ್ಟಿಕ್ಕು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಬೇಕು. ಆ ಮಂಚದ ಮೇಲೆ ಹದಿನಾಲ್ಕು ದಿಂಬು. ಮಲಗುವವನು ಮೊದಲು ಅಷ್ಟನ್ನೂ ನೆಲಕ್ಕೆ ಇಳಿಸಬೇಕು, ಎದ್ದ ಮೇಲೆ ಮತ್ತೆ ಏರಿಸಬೇಕು. ಸ್ನಾನದ ಮನೆಗೆ ಗಾಜಿನ ಗೋಡೆ. ಅತ್ತೆ ಮಾವ ಬಂದರೆ ಏನು ಮಾಡೋದು ಅಂತ ಒಬ್ಬ ಗಿರಾಕಿ ಕೇಳಿದ್ದಕ್ಕೆ ನಮ್ಮ ಡಿಸೈನರಮ್ಮ ಪರದೆ ಹಾಕಿಕೊಳ್ಳಿ ಅಂದರು. ಪರದೆ ಹಾಕುವುದಾದರೆ ಗಾಜು ಯಾಕೆ ತಾಯಿ? ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಬಿಳಿ ಬಣ್ಣ ಹಳದಿಯಾಗುತ್ತದೆ. ಕಪಾಟುಗಳಿಗೆ ಹಿಡಿಕೆ ಇಲ್ಲ, ಒತ್ತಿದರೆ ತೆರೆದುಕೊಳ್ಳಬೇಕಂತೆ. ಅದು ತೆರೆದುಕೊಳ್ಳುವುದಿಲ್ಲ. ಮೂರು ಸಲ ಒತ್ತಿ, ನಾಲ್ಕನೆಯ ಸಲ ಉಗುರು ಹಾಕಿ ಕೀಳಬೇಕು. ಇದೆಲ್ಲ ನಾವೇ ಮಾಡಿದ್ದು, ನಾವೇ ಮಾರಿದ್ದು.

ಈ ಹೊಲಸಿನ ನಡುವೆ ಒಬ್ಬ ಮನುಷ್ಯ ಇದ್ದರು.

ಅವರನ್ನು ತೂಕದಣ್ಣ ಅನ್ನುತ್ತಿದ್ದುದು ಮೈ ದಪ್ಪಗಿತ್ತು ಅಂತ ಅಲ್ಲ. ಎರಡು ಹಲಗೆ ನಡುವೆ ನಿಂತರೆ ಯಾವುದು ಹಲಗೆ, ಯಾವುದು ಮನುಷ್ಯ ಅಂತ ಹುಡುಕಬೇಕು, ಅಷ್ಟು ತೆಳು. ಅವರದೊಂದು ಪದ್ಧತಿ ಇತ್ತು. ಏನೇ ಮಾಡಲಿ — ಮೇಜು, ಕಪಾಟು, ಕಿಟಕಿಯ ಕಟ್ಟೆ — ಅದರ ಮೇಲೆ ತಮ್ಮ ಪೂರ್ತಿ ಮೈಭಾರ ಹಾಕಿ ನೋಡದೆ ಕೊಡುತ್ತಿರಲಿಲ್ಲ. ಕಪಾಟಿನ ಬಾಗಿಲಿಗೆ ಜೋತು ಬೀಳುತ್ತಿದ್ದರು. ಅರವತ್ತೊಂದು ವರ್ಷದ ಮನುಷ್ಯ, ಬಾಗಿಲು ಹಿಡಿದುಕೊಂಡು ಕಾಲು ಮೇಲೆತ್ತಿ ನೇತಾಡುವುದನ್ನು ನೋಡಿ ಒಬ್ಬ ಮನೆಯೊಡತಿ ಗಾಬರಿಯಾಗಿ ನನಗೆ ಫೋನ್ ಮಾಡಿದ್ದರು. ನಾನು ಹೋಗಿ ಕೇಳಿದರೆ, ನಾಳೆ ಇವರ ಮಗ ಇದಕ್ಕೆ ನೇತುಬೀಳ್ತಾನೆ, ಅವನಿಗಿಂತ ಮೊದಲು ನಾನು ಬೀಳೋದು ಒಳ್ಳೇದಲ್ವಾ ಅಂದರು. ಆ ಮನೆಯೊಡತಿ ಅಲ್ಲಿ ಹಿಂದೆ ಕೂತಿದ್ದಾರೆ. ತಲೆ ಆಡಿಸುತ್ತಿದ್ದಾರೆ, ನೋಡಿ.

ಇನ್ನೊಂದು ಅಭ್ಯಾಸ. ಯಾವ ಮನೆಯ ನಕ್ಷೆ ತಂದು ಮುಂದೆ ಹರಡಿದರೂ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿ ಕೇಳುತ್ತಿದ್ದ ಮೊದಲ ಪ್ರಶ್ನೆ — ಪೊರಕೆ ಎಲ್ಲಿಡ್ತೀರಿ? ಡಿಸೈನರ್‌ಗಳು ನಗುತ್ತಿದ್ದರು. ಒಬ್ಬರು ಮಾತ್ರ ಸತ್ಯ ಹೇಳಿದರು. ಪೊರಕೆ ಫೋಟೋದಲ್ಲಿ ಬರಲ್ಲ ಅಣ್ಣ ಅಂದರು. ಆ ಮಾತು ಕೇಳಿ ತೂಕದಣ್ಣ ನಗಲಿಲ್ಲ.

ಬಂಧುಗಳೇ, ನಿಮ್ಮ ಸೋಫಾದ ಮೇಲೆ ಕಂಪನಿಯ ಹೊಸ ಪುಸ್ತಿಕೆ ಇಟ್ಟಿದ್ದರಲ್ಲ, ಅದನ್ನು ಕೈಗೆ ತೆಗೆದುಕೊಳ್ಳಿ. ಶ್ರದ್ಧಾಂಜಲಿ ಸಭೆಯಲ್ಲಿ ಜಾಹೀರಾತು ಹಂಚುವ ಜನ ನಾವು. ಒಳಗಿನ ಕೊನೆಯ ಪುಟದಲ್ಲಿ ತೂಕದಣ್ಣನ ಬಗ್ಗೆ ಆರು ಸಾಲು ಇದೆ, ಅದು ಆಮೇಲೆ ಓದಿ. ಈಗ ಮುಖಪುಟ ನೋಡಿ. ಒಂದು ಮೆಟ್ಟಿಲು. ಗೋಡೆಯಿಂದ ಒಂದೊಂದೇ ಹಲಗೆ ಹೊರಗೆ ಚಾಚಿದೆ, ಕೆಳಗೆ ಆಸರೆ ಇಲ್ಲ, ಪಕ್ಕದಲ್ಲಿ ಏನೂ ಇಲ್ಲ. ತೇಲುವ ಮೆಟ್ಟಿಲು ಅಂತ ಕೆಳಗೆ ಬರೆದಿದ್ದಾರೆ. ಚೆನ್ನಾಗಿ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ.

ಆ ಮೆಟ್ಟಿಲಿಗೆ ಹಿಡಿದುಕೊಳ್ಳಲು ಏನೂ ಬೇಡ ಅಂತ ನಕ್ಷೆಯಲ್ಲೇ ಇತ್ತು. ತೂಕದಣ್ಣ ಒಪ್ಪಲಿಲ್ಲ. ಆ ಮನೆಯಲ್ಲಿ ಒಬ್ಬ ಅಜ್ಜಿ, ಮೂರು ವರ್ಷದ ಮಗು. ಎಂಟು ದಿನ ಜಗಳ ಆಯಿತು. ಡಿಸೈನರಮ್ಮನ ಜೊತೆ, ಯಜಮಾನರ ಜೊತೆ, ನನ್ನ ಜೊತೆಗೂ. ಕೊನೆಗೆ ಅವರು ಆ ಅಜ್ಜಿಯನ್ನೇ ಕರೆದುಕೊಂಡು ಬಂದು ಮೊದಲ ಮೆಟ್ಟಿಲ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ ಕೈ ಚಾಚಮ್ಮ ಅಂದರು. ಅಜ್ಜಿಯ ಕೈ ಎಲ್ಲಿ ನಿಂತಿತೋ ಆ ಎತ್ತರಕ್ಕೆ ರೇಲಿಂಗ್ ಮಾಡಿದರು. ತೇಗದ ಮರ, ಅಂಗೈಗೆ ಸರಿಯಾಗಿ ಕೂರುವ ಹಾಗೆ ಗುಂಡಗೆ ತೀಡಿದ್ದು. ಹಾಕಿದ ಮೇಲೆ ತಾವು ಮೈಭಾರ ಹಾಕಿದರು, ನನ್ನಿಂದ ಹಾಕಿಸಿದರು, ನಾಲ್ಕು ಜನ ಫಿಟ್ಟರ್‌ಗಳನ್ನು ಒಟ್ಟಿಗೆ ನಿಲ್ಲಿಸಿ ಹಾಕಿಸಿದರು. ಅದು ಅಲುಗಾಡಲಿಲ್ಲ. ‘ಇನ್ನು ಕಣ್ಣು ಮುಚ್ಕೊಂಡು ಇಳೀಬಹುದು’ ಅಂದರು.

ಪುಸ್ತಿಕೆಯ ಮುಖಪುಟ ಮತ್ತೆ ನೋಡಿ. ಆ ರೇಲಿಂಗ್ ಎಲ್ಲಿ?

— ಯಜಮಾನರು ಕೈ ತೋರಿಸುತ್ತಿದ್ದಾರೆ. ಸಾರ್, ಕೂತುಕೊಳ್ಳಿ. ಮೈಕು ಆರಿಸುವುದಾದರೆ ಆರಿಸಿ, ಸೈಟಿನಲ್ಲಿ ಮೂರನೇ ಮಹಡಿಗೆ ಕೂಗಿ ಪಳಗಿದ ಗಂಟಲು ಇದು.

ಈ ಫೋಟೋ ತೆಗೆದ ದಿನ ಬೆಳಿಗ್ಗೆ ತೂಕದಣ್ಣ ಆ ಮನೆಯ ಮೇಲಿನ ಕೋಣೆಯಲ್ಲಿದ್ದರು. ಬಟ್ಟೆ ಕಪಾಟಿನ ಒಂದು ಬಾಗಿಲು ಚೌಕಟ್ಟಿಗೆ ತಾಗುತ್ತಿತ್ತು. ಹತ್ತು ಗಂಟೆಗೆ ಫೋಟೋದವರು ಬಂದರು. ಕ್ಯಾಮೆರಾ ಇಟ್ಟು ನೋಡಿದರು. ರೇಲಿಂಗ್ ಅಡ್ಡ ಬರುತ್ತೆ ಅಂದರು. ಡಿಸೈನರಮ್ಮ ಯಜಮಾನರಿಗೆ ಫೋನ್ ಮಾಡಿದರು, ಯಜಮಾನರು ಫೋನನ್ನು ನನ್ನ ಕೈಗೆ ಕೊಡಿಸಿದರು. ನನಗೆ ಹೇಳಿದ್ದು ಇಷ್ಟೇ: ‘ಹತ್ತು ನಿಮಿಷ ಬಿಚ್ಚಿಡಪ್ಪ, ಆಮೇಲೆ ಹಾಕಿದ್ರಾಯ್ತು.’

ನಾನು ಬಿಚ್ಚಿದೆ. ಎಂಟು ಸ್ಕ್ರೂ. ಇದೇ ಕೈ — ಈ ಬಲಗೈ. ಇನ್ನೊಂದು ತುದಿ ಹಿಡಿದವನು ನಾನು ಹೇಳಿದ್ದಕ್ಕೆ ಹಿಡಿದ, ಅವನನ್ನು ಯಾರೂ ಏನೂ ಅನ್ನಬೇಡಿ.

ಮೇಲೆ ಹೋಗಿ ತೂಕದಣ್ಣನಿಗೆ ಒಂದು ಮಾತು ಹೇಳಬೇಕಿತ್ತು. ಹದಿನಾರು ಮೆಟ್ಟಿಲು, ಅಷ್ಟೇ. ಯಾಕೆ ಹೋಗಲಿಲ್ಲ ಗೊತ್ತಾ? ಬೈಗುಳಕ್ಕೆ ಹೆದರಿ. ಅವರಿಗೆ ಗೊತ್ತಾದರೆ ಫೋಟೋದವರ ಮುಂದೆಯೇ ನನ್ನ ಮಾನ ತೆಗೆಯುತ್ತಾರೆ, ಅವರು ಇಳಿಯುವಷ್ಟರಲ್ಲಿ ಮತ್ತೆ ಹಾಕಿಬಿಡೋಣ ಅಂದುಕೊಂಡೆ. ಐವತ್ತು ವರ್ಷದ ಗಂಡಸು, ಬೈಗುಳಕ್ಕೆ ಹೆದರಿ ಕೆಳಗೆ ನಿಂತಿದ್ದೆ. ದೀಪ ಸರಿ ಮಾಡಿದರು, ನೆಲ ಒರೆಸಿದರು, ಒಂದು ಹೂದಾನಿ ಆ ಕಡೆ ಈ ಕಡೆ ಇಟ್ಟು ನೋಡಿದರು. ಹತ್ತು ನಿಮಿಷ ಅಂದದ್ದು ಮುಕ್ಕಾಲು ಗಂಟೆ ಆಯಿತು. ನಿಮ್ಮ ಕೈಯಲ್ಲಿರುವ ಚಿತ್ರದಲ್ಲಿ, ಮೇಲ್ಗಡೆ ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತದೆ ನೋಡಿ. ಆ ಕೋಣೆಯಲ್ಲಿ ತೂಕದಣ್ಣ ಇದ್ದರು. ಆ ಫೋಟೋ ತೆಗೆಯುವಾಗ ಅವರು ಬದುಕಿದ್ದರು.

ಕಪಾಟಿನ ಆ ಬಾಗಿಲನ್ನು ಬಿಚ್ಚಿ, ಅಂಚು ಹೆರೆಯಲು ಕೆಳಗೆ ತರಲು ಹೊರಟರು. ಮೇಲೇ ಹೆರೆಯಬಹುದಿತ್ತು. ಇವತ್ತು ಫೋಟೋ ಇದೆ, ಮೇಲೆ ಧೂಳು ಮಾಡಬೇಡಿ ಅಂತ ಬೆಳಿಗ್ಗೆ ನಾನೇ ಹೇಳಿದ್ದೆ. ಆಳೆತ್ತರದ ಬಾಗಿಲು, ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು — ಹೀಗೆ — ಇಳಿದರು. ಮುಂದೆ ಏನೂ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ, ಅವರದೇ ಮೆಟ್ಟಿಲು, ಅವರದೇ ರೇಲಿಂಗ್. ಮೇಲಿನಿಂದ ಆರನೆಯ ಮೆಟ್ಟಿಲಲ್ಲಿ ನಿಂತು, ಭಾರ ಸ್ವಲ್ಪ ಇಳಿಸಿಕೊಳ್ಳೋಣ ಅಂತ ಎಡಕ್ಕೆ ಸೊಂಟ ಆನಿಸಿದರು. ನಾನು ನೋಡುತ್ತಿದ್ದೆ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಸಮೇತ ಕೆಳಗೆ ಬಿದ್ದಿದ್ದರು.

ಅವರಿಗೆ ತಲೆ ಸುತ್ತಲಿಲ್ಲ. ಕಾಲು ಜಾರಲಿಲ್ಲ. ವಯಸ್ಸಾಗಿತ್ತು ಅನ್ನುವುದೂ ಸುಳ್ಳು.

ತಲೆಸುತ್ತು ಬಂದು ಬಿದ್ದರು ಅಂತ ಪೊಲೀಸರಿಗೆ ಬರೆದುಕೊಟ್ಟ ಕಾಗದಕ್ಕೆ ಅವತ್ತು ಮಧ್ಯಾಹ್ನ ಸಹಿ ಹಾಕಿದವನೂ ನಾನೇ. ಕಂಪನಿಯ ಹೆಸರು ಹಾಳಾಗುತ್ತೆ, ನಿನ್ನ ಕೆಲಸವೂ ಹೋಗುತ್ತೆ ಅಂತ ಯಜಮಾನರು ಅಂದರು. ಸಹಿ ಹಾಕಿ, ಅದೇ ಪೆನ್ನನ್ನು ಒರೆಸಿ ಜೇಬಿಗೆ ಸಿಕ್ಕಿಸಿಕೊಂಡೆ. ನನ್ನ ಬಗ್ಗೆ ನನಗಿರುವ ಅಸಹ್ಯವನ್ನು ಹೇಳಲು ಹೋದರೆ ಈ ಸಭೆ ಸಂಜೆಯಾದರೂ ಮುಗಿಯುವುದಿಲ್ಲ.

ಇವತ್ತೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಅಡುಗೆಮನೆಯ ಹೊಸಿಲಲ್ಲಿ ಕೂತು ತೂಕದಣ್ಣನ ಬಿ.ಪಿ. ಮಾತ್ರೆಯ ಹಾಳೆ ಹಿಡಿದುಕೊಂಡು ಎಣಿಸುತ್ತಿದ್ದರು. ಮಗಳು ಹೇಳಿದಳು, ದಿನಾ ಹೀಗೇ ಎಣಿಸ್ತಾಳೆ ಮಾಮ ಅಂತ. ಅಕ್ಕ ನನ್ನನ್ನು ನೋಡಿ ಹೇಳಿದ್ದು ಇದು: ‘ಅವತ್ತು ಬೆಳಿಗ್ಗೆ ಮಾತ್ರೆ ಕೊಟ್ನೋ ಇಲ್ವೋ ನೆನಪೇ ಬರ್ತಿಲ್ಲ ತಮ್ಮಾ. ಲೆಕ್ಕ ಹಾಕಿದ್ರೆ ಒಂದು ಜಾಸ್ತಿ ಉಳಿದಿದೆ. ನಾನೇ ಕೊಂದ್ಬಿಟ್ಟೆ ಅನ್ಸುತ್ತೆ.’

ಆಗ ನಾನು ಏನು ಹೇಳಿದೆ ಗೊತ್ತಾ? ಹಣೆಬರಹ ಅಕ್ಕಾ ಅಂದೆ. ಹಣೆಬರಹ ಅಂದು, ಅವರು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಅಕ್ಕಾ — ಇಲ್ಲಿ ನೋಡಿ. ಅಳಬೇಡಿ ಅನ್ನಲ್ಲ, ನನ್ನನ್ನು ನೋಡಿ. ಮಾತ್ರೆ ಉಳಿದಿದ್ದರೆ ಉಳಿಯಲಿ. ಮಾತ್ರೆಯಿಂದ ಏನೂ ಆಗಿಲ್ಲ. ನೀವು ಏನೂ ತಪ್ಪು ಮಾಡಿಲ್ಲ. ಆ ಮನುಷ್ಯ ಗಟ್ಟಿಮುಟ್ಟಾಗಿದ್ದರು, ಎಚ್ಚರವಾಗಿದ್ದರು, ಅವತ್ತೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರು. ನಾನು ಬಿಚ್ಚಿದೆ. ನಾನು ಹೇಳಲಿಲ್ಲ. ನೀವು ನನ್ನನ್ನು ಕ್ಷಮಿಸಬೇಕು ಅಂತ ಕೇಳಲು ಇಲ್ಲಿ ನಿಂತಿಲ್ಲ, ದಯವಿಟ್ಟು ಕ್ಷಮಿಸಬೇಡಿ. ಆ ಮಾತ್ರೆಯ ಹಾಳೆಯನ್ನು ಮಾತ್ರ ಇವತ್ತು ಮನೆಗೆ ಹೋದ ತಕ್ಷಣ ಬಿಸಾಡಿ.

ಯಜಮಾನರೇ, ನಿಮಗೆ ಒಂದೇ ಮಾತು. ಆ ರೇಲಿಂಗ್ ನಮ್ಮ ಗೋದಾಮಿನಲ್ಲಿ ಗೋಣಿ ಹೊದ್ದು ಬಿದ್ದಿದೆ. ಮತ್ತೆ ಹಾಕಿದರೆ ಬಿಚ್ಚಿದ್ದು ಯಾಕೆ ಅಂತ ಯಾರಾದರೂ ಕೇಳುತ್ತಾರೆ, ಅದಕ್ಕೇ ಹಾಕಲಿಲ್ಲ. ಆ ಮನೆಯವರಿಗೂ ಫೋಟೋ ನೋಡಿ ಇಷ್ಟವಾಯಿತಂತೆ, ಹಾಗೇ ಇರಲಿ ಅಂದರಂತೆ. ಮೂರು ವರ್ಷದ ಆ ಮಗು ದಿನಾ ಆ ಮೆಟ್ಟಿಲು ಹತ್ತಿ ಇಳಿಯುತ್ತಿದೆ. ಅಜ್ಜಿ ಗೋಡೆ ಸವರಿಕೊಂಡು ಇಳಿಯುತ್ತಾರೆ. ಸಭೆ ಮುಗಿದ ಮೇಲೆ ನಾನು ಗೋದಾಮಿಗೆ ಹೋಗುತ್ತೇನೆ. ಬೀಗದ ಕೈ ಕೊಟ್ಟರೆ ಸರಿ, ಕೊಡದಿದ್ದರೆ ಬೀಗ ಒಡೆಯುತ್ತೇನೆ. ಬಡಗಿಗಳಲ್ಲಿ ಇಬ್ಬರು ನನ್ನ ಜೊತೆ ಬನ್ನಿ, ಇವತ್ತೇ ಹಾಕಿ ಬರೋಣ. ಅಲ್ಲಿಂದ ಪೊಲೀಸ್ ಠಾಣೆಗೆ ನಾನೊಬ್ಬನೇ ಹೋಗುತ್ತೇನೆ. ಅವತ್ತು ಕೊಟ್ಟ ಹೇಳಿಕೆ ಸುಳ್ಳು ಅಂತ ಬರೆದುಕೊಡಬೇಕು, ನಿಜ ಏನು ಅಂತಲೂ ಬರೆದುಕೊಡಬೇಕು.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ಈ ತಗ್ಗು ಸೋಫಾಗಳಿಂದ ಏಳುವುದು ಕಷ್ಟ, ಪಕ್ಕದವರು ಒಬ್ಬರಿಗೊಬ್ಬರು ಕೈ ಕೊಡಿ. ಅಕ್ಕಾ, ನೀವು ಕೂತೇ ಇರಿ, ನಿಮ್ಮ ಮುಂದೆ ನಿಲ್ಲಬೇಕಾದವರು ನಾವು. ಎರಡು ನಿಮಿಷ ಮೌನ. ಎರಡೇ ನಿಮಿಷ — ಇಪ್ಪತ್ತೆರಡು ದಿನದ ಮೌನ ನಾನು ಆಗಲೇ ಮಾಡಿ ಮುಗಿಸಿದ್ದೇನೆ.