ರಕ್ತ ತೆಗೆದದ್ದು ಯಾಕೆ

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಹೆಂಗಸೊಬ್ಬಳು ಡಾಕ್ಟರನ್ನು ಅಡ್ಡಗಟ್ಟಿದ್ದಳು. ಒಳಗೆ ಅವಳ ಗಂಡ ಮಲಗಿದ್ದ. ನಾನು ಪಕ್ಕದ ಬೆಂಚಿನಲ್ಲಿದ್ದೆ.

“ರಕ್ತದಲ್ಲಿ ಮಲೇರಿಯಾ ಇಲ್ಲ ಅಂತ ಅವತ್ತೇ ಬಂದಿತ್ತಲ್ಲ ಡಾಕ್ಟ್ರೇ?”

“ಬಂದಿತ್ತಮ್ಮ.”

“ಮತ್ತೆ ಮಲೇರಿಯಾ ಮಾತ್ರೆ ಯಾಕೆ ನುಂಗಿಸಿದ್ರಿ?”

“ಚಳಿಜ್ವರ ಅಂದ್ರೆ ನಮ್ಮಲ್ಲಿ ಅದನ್ನೇ ಕೊಡೋದು. ರಿಪೋರ್ಟ್ ತಪ್ಪಿರಬಹುದು ಅಂತ...”

“ರಿಪೋರ್ಟ್ ನಂಬಲ್ಲ ಅಂದ್ಮೇಲೆ ರಕ್ತ ಯಾಕ್ರೀ ತೆಗೆದ್ರಿ?”

“ಪರೀಕ್ಷೆ ಮಾಡದೆ ಮಾತ್ರೆ ಕೊಡಬಾರದು ಅಂತ ನಿಯಮ ಇದೆಯಮ್ಮ.”

“ನಿಯಮಕ್ಕೆ ಅಂತ ಸೂಜಿ ಚುಚ್ಚಿ ಕೈ ತೊಳ್ಕೊಂಡ್ರಿ! ಎದೇಲಿ ಕೀವು ತುಂಬ್ತಿದ್ದದ್ದು ಒಬ್ಬರ ಕಣ್ಣಿಗೂ ಬೀಳ್ಲಿಲ್ಲ!”

ಅಷ್ಟರಲ್ಲಿ ನರ್ಸ್ ಸಿರಿಂಜ್ ಹಿಡಿದು ಬಂದಳು. “ನಿಮ್ಮ ಯಜಮಾನ್ರದ್ದು ಇನ್ನೊಂದ್ಸಲ ರಕ್ತ ಬೇಕು.”

“ತೆಗೀರಿ ಸಿಸ್ಟರ್. ರಿಪೋರ್ಟ್ ಮಾತ್ರ ನನ್ನ ಕೈಗೆ ಕೊಡಿ. ಈ ಡಾಕ್ಟ್ರಿಗೆ ನಾನೇ ಓದಿ ಹೇಳ್ತೀನಿ.”

ಬಾಗಿಲು ತಳ್ಳಿಕೊಂಡು ಅವಳೇ ಮೊದಲು ಒಳಗೆ ಹೋದಳು. ಡಾಕ್ಟರು ಹಿಂದೆ ಹೋದರು.